ಹೋಗ್ತೀನಿ ಅನ್ನಬಾರದು

ಜನವರಿ ೧೨, ಭಾನುವಾರ

ಪಂಪ್‌ಸೆಟ್ ಕಂಪನಿಯವರು ಸಿದ್ದುವಿನ ಅಂಗಡಿಗೆ ಈ ಡೈರಿ ಕೊಟ್ಟಿದ್ದಾರೆ. ಅವನು ತಂದು ಅಡುಗೆಮನೆಯ ಗೂಡಿನಲ್ಲಿ ಎಸೆದಿದ್ದ. ಹಾಳೆ ಚೆನ್ನಾಗಿದೆ, ಸುಮ್ಮನೆ ಇಲಿ ಪಾಲಾಗುವುದು ಬೇಡವೆಂದು ನಾನು ಎತ್ತಿಟ್ಟುಕೊಂಡೆ. ಇದನ್ನು ಯಾರೂ ಓದುವ ಹಾಗಿಲ್ಲ. ಕದ್ದು ಓದಿದವರಿಗೆ ಈ ನಿರ್ಮಲಮ್ಮನ ಬಾಯಿ ಎಂಥದ್ದೆಂದು ಗೊತ್ತೇ ಇದೆ.

ಬಾಯಿಬಿಟ್ಟು ಹೇಳಿಕೊಂಡು ಹಗುರಾಗೋಣವೆಂದರೆ ಮನೆಯಲ್ಲಿ ಎಲ್ಲರ ಮುಖವೂ ಗಂಟು. ನಮ್ಮ ಯಜಮಾನರು ನಾಗರಾಜಪ್ಪನವರು ಮಾತಾಡುವುದು ಎತ್ತಿನ ಜೊತೆ ಮಾತ್ರ. ಮಗ ಸಿದ್ದು, ಸೊಸೆ ದೀಪಾ ಒಬ್ಬರ ಮುಖ ಒಬ್ಬರು ನೋಡುತ್ತಿಲ್ಲ. ಎಲ್ಲದಕ್ಕೂ ಕಾರಣ ಮೊಮ್ಮಗಳು ಚೈತ್ರ. ಹದಿಮೂರು ತುಂಬಿದೆ. ಆಟಿಸಂ ಎಂದು ಅವಳು ಅಂಗನವಾಡಿ ವಯಸ್ಸಿನಲ್ಲಿದ್ದಾಗಲೇ ಡಾಕ್ಟರು ಹೇಳಿದ್ದರು. ಅದಕ್ಕೆ ನಾವು ಒಗ್ಗಿದ್ದೆವು. ಮಾತು ಕಡಿಮೆ, ಆಡಿದರೆ ಖಡಾಖಂಡಿತ. ಬಾಗಿಲಲ್ಲಿ ಯಾರ ಚಪ್ಪಲಿ ಬಿದ್ದಿದ್ದರೂ ಜೊತೆ ಮಾಡಿ ಸಾಲಾಗಿ ಇಡುತ್ತಿದ್ದಳು. ಆನವಟ್ಟಿಯ ಶಾಲೆಗೆ ನಡೆದುಕೊಂಡೇ ಹೋಗಿ ಬರುತ್ತಿದ್ದಳು.

ನವೆಂಬರಿನಲ್ಲಿ ಹೊಟ್ಟೆನೋವು ಬಂತು. ಅಪೆಂಡಿಕ್ಸ್ ಎಂದು ಶಿವಮೊಗ್ಗದ ಒಂದು ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಹೊಟ್ಟೆಯ ಗಾಯ ಮಾಯಿತು, ಹುಡುಗಿ ಮಾತ್ರ ಬೇರೆಯವಳಾಗಿ ಬಂದಳು. ಈಗ ಮನೆಯಿಂದ ಯಾರು ಹೊರಟರೂ ಕಿರುಚುತ್ತಾಳೆ, ಸೆರಗು ಹಿಡಿದು ಜಗ್ಗುತ್ತಾಳೆ, ತನ್ನ ಕೈಯನ್ನೇ ಕಚ್ಚಿಕೊಳ್ಳುತ್ತಾಳೆ. ಚಪ್ಪಲಿಗಳನ್ನೆಲ್ಲ ಬಚ್ಚಿಡುತ್ತಾಳೆ. ನಿನ್ನೆ ನನ್ನದು ಅಕ್ಕಿ ಡಬ್ಬದಲ್ಲಿ ಸಿಕ್ಕಿತು. ಶಾಲೆ ಎಂದರೆ ಸಾಕು, ಮಂಚದ ಕೆಳಗೆ ಸೇರುತ್ತಾಳೆ.

ಸಿದ್ದು ಹಿತ್ತಲ ಬಾಗಿಲಿಂದ ಬರಿಗಾಲಲ್ಲಿ ಕಳ್ಳನ ಹಾಗೆ ಅಂಗಡಿಗೆ ಹೊರಡುತ್ತಾನೆ. ನನ್ನ ಅಭಿಪ್ರಾಯ ಕೇಳಿದರೆ ಇದು ಹಠ. ಕಾಯಿಲೆಯ ಹೆಸರಲ್ಲಿ ಮುದ್ದು ಹೆಚ್ಚಾಯಿತು. ಯಾರೂ ನನ್ನ ಅಭಿಪ್ರಾಯ ಕೇಳಿಲ್ಲ.

ಜನವರಿ ೨೩, ಗುರುವಾರ

ಶಿವಮೊಗ್ಗದಿಂದ ಸುಮಾ ಎಂಬ ಹುಡುಗಿ ಬಂದಿದ್ದಳು. ಮಕ್ಕಳ ಮನಸ್ಸು ನೋಡುವ ಕೆಲಸವಂತೆ. ಬೆನ್ನಿಗೆ ಚೀಲ ಹಾಕಿಕೊಂಡು ಬಂದವಳನ್ನು ನಾನು ಕಾಲೇಜು ಹುಡುಗಿ ಅಂದುಕೊಂಡೆ. ಹಠದ ವಿಷಯ ನಾನೇ ತೆಗೆದೆ.

“ಹಠ ಅಲ್ಲ ಅಜ್ಜಿ, ಹೆದರಿಕೆ. ಒಳಗೆ ಗಾಯ ಆಗಿದೆ. ಆಕ್ಸಿಡೆಂಟ್ ಆದೋರು ಎಷ್ಟೋ ದಿನ ಬೆಚ್ಚಿ ಬೀಳ್ತಾರಲ್ಲ, ಹಾಗೆ.”

“ಆಕ್ಸಿಡೆಂಟ್ ಎಲ್ಲಿ ಆಯ್ತು ಮಾರಾಯ್ತಿ? ಆಪರೇಷನ್ ಎಲ್ರೂ ಮಾಡಿಸ್ಕಳಲ್ವ? ನಂಗೂ ಗರ್ಭಕೋಶ ತೆಗ್ದಿದಾರೆ. ನಾ ಯಾರ ಚಪ್ಪಲಿನೂ ಬಚ್ಚಿಟ್ಟಿಲ್ಲ.”

ಅವಳು ನಕ್ಕಳು. “ನಿಮ್ಮನ್ನ ಯಾಕೆ ಹಿಡ್ಕೊಂಡಿದಾರೆ ಅಂತ ನಿಮಗೆ ಗೊತ್ತಿತ್ತು. ಅವಳಿಗೆ ಗೊತ್ತಿರ್ಲಿಲ್ಲ. ಕಣ್ಣು ಕುಕ್ಕೋ ಲೈಟು, ಮಿಷನ್ ಸದ್ದು, ಗುರುತಿಲ್ಲದ ನಾಲ್ಕು ಜನದ ಕೈ. ನಮಗೆ ಸಣ್ಣದು ಅನ್ಸೋದು ಇಂಥ ಮಕ್ಕಳಿಗೆ ಸಣ್ಣದಾಗಿರಲ್ಲ. ಹೇಳ್ಕೊಳಕ್ಕೂ ಬರಲ್ಲ. ಅದಕ್ಕೇ ಜನ ಇದೂ ಆಟಿಸಮ್ಮೇ ಅಂತ ಕೈ ಬಿಡ್ತಾರೆ.”

ಆಮೇಲೆ ಮಂಚದ ಪಕ್ಕ ನೆಲದ ಮೇಲೆ ಕುಳಿತು ಎಷ್ಟೋ ಹೊತ್ತು ಕಡಲೆಕಾಯಿ ಸುಲಿದಳು. ಚೈತ್ರ ಮಂಚದ ಕೆಳಗಿಂದ ಕೈ ಚಾಚಿ ಒಂದೊಂದೇ ತೆಗೆದುಕೊಂಡು ತಿಂದಳು. ಪರವಾಗಿಲ್ಲ ಹುಡುಗಿ ಅನ್ನುವಷ್ಟರಲ್ಲಿ ಸುಮಾ ಎದ್ದು “ಬರ್ತೀನಿ ಅಜ್ಜಿ, ಬರ್ತೀನಿ ಚೈತ್ರ” ಅಂದಳು. ಆಯಿತು ಕತೆ. ಅವಳ ವೇಲು ಹರಿದು ಎರಡಾಯಿತು. ಪಾಪ, ಕಲಿತವರಿಗೂ ಅಷ್ಟೇ, ನಮಗೂ ಅಷ್ಟೇ.

ಫೆಬ್ರುವರಿ ೪

ಇವರು ಗದ್ದೆಗೆ ಹೊರಟಾಗ ಮತ್ತೆ ರಂಪ. ರೇಗಿಹೋಗಿ “ನಾನೇನು ಊರು ಬಿಟ್ಟು ಹೋಗ್ತೀ...” ಅನ್ನುತ್ತಿದ್ದರು, ನಾನು ಓಡಿಬಂದು ಅವರ ಬಾಯಿ ಮುಚ್ಚಿದೆ. ಹಿಟ್ಟಿನ ಕೈ, ಮೀಸೆಯೆಲ್ಲ ಬೆಳ್ಳಗಾಯಿತು.

ಸೊರಬದ ಕಡೆ ನನ್ನ ತವರಿನಲ್ಲಿ ಹೊರಡುವವರು ಹೋಗ್ತೀನಿ ಅಂದರೆ ನಮ್ಮಜ್ಜಿ ಬಾಯಿಗೆ ಹೊಡೆಯುತ್ತಿದ್ದಳು. ಹೋಗುವುದೆಂದರೆ ಒಂದೇ ಸಲ ಹೋಗುವುದು. ಬರ್ತೀನಿ ಅನ್ನಬೇಕು, ತಪ್ಪಿದರೆ ಹೋಗಿ ಬರ್ತೀನಿ ಅನ್ನಬೇಕು. ಈ ಡೈರಿಯಲ್ಲೂ ಬದುಕಿರುವವರನ್ನು ನಾನು ಹಾಗೆ ಬರೆಯುವವಳಲ್ಲ. ಇವರಿಗೆ ಬಿ.ಪಿ. ಇದೆ, ಹೃದಯಕ್ಕೆ ಮಾತ್ರೆ ಇದೆ, ನಾಲಿಗೆಗೆ ಮಾತ್ರ ಹತೋಟಿ ಇಲ್ಲ.

ಫೆಬ್ರುವರಿ ೧೬, ಭಾನುವಾರ

ಚೈತ್ರಳ ಕೆನ್ನೆ ಊದಿದೆ. ದವಡೆ ಹಲ್ಲು ಹುಳ ಹಿಡಿದು ಕೀವಾಗಿದೆ. ಬಾಯಿ ಬಿಡಿಸಿ ನೋಡಲು ಬಿಡುವುದಿಲ್ಲ, ಗೋಡೆಗೆ ಕೆನ್ನೆ ಒತ್ತಿಕೊಂಡು ನರಳುತ್ತಾಳೆ. ಶಿಕಾರಿಪುರದ ಹಲ್ಲಿನ ಡಾಕ್ಟರಿಗೆ ದೀಪಾ ಫೋನು ಮಾಡಿ ಕೆನ್ನೆಯ ಫೋಟೋ ಕಳಿಸಿದಳು. ಮಾತ್ರೆ ಬರೆದುಕೊಟ್ಟಿದ್ದಾರೆ, ಅದರಿಂದ ಸದ್ಯಕ್ಕೆ ಬಾವು ಇಳಿಯುತ್ತದಂತೆ, ಆದರೆ ಹಲ್ಲು ತೆಗೆಯಲೇಬೇಕಂತೆ. ಕುರ್ಚಿಯಲ್ಲಿ ಕುಳಿತರೆ ಸಣ್ಣ ಕೆಲಸ. ಕೂರದಿದ್ದರೆ ಶಿವಮೊಗ್ಗದಲ್ಲಿ ಪೂರ್ತಿ ಪ್ರಜ್ಞೆ ತಪ್ಪಿಸಿಯೇ ತೆಗೆಯಬೇಕು.

ಅಂದರೆ ಮತ್ತೆ ಆಸ್ಪತ್ರೆ, ಮತ್ತೆ ಆ ಕೈಗಳು. ಶಿವಮೊಗ್ಗ ಎಂಬ ಹೆಸರು ಕಿವಿಗೆ ಬಿದ್ದದ್ದೇ ಚೈತ್ರ ಉಟ್ಟ ಬಟ್ಟೆಯಲ್ಲೇ ಒದ್ದೆ ಮಾಡಿಕೊಂಡಳು. ಹದಿಮೂರು ವರ್ಷದ ಹುಡುಗಿ. ನಾನೇ ಒರೆಸಿ ಲಂಗ ಬದಲಾಯಿಸಿದೆ. ಹಠ ಮಾಡುವವರು ಹೀಗೆ ನಡುಗುವುದಿಲ್ಲ. ಇನ್ನೊಮ್ಮೆ ಹಾಗಾದರೆ ಈ ಮಗು ನಮಗೆ ಮತ್ತೆ ಸಿಗುವುದಿಲ್ಲ ಎಂದು ನನಗೆ ಭಯವಾಗಿದೆ.

ಫೆಬ್ರುವರಿ ೨೬, ಶಿವರಾತ್ರಿ

ಉಪವಾಸದ ದಿನ ಜಗಳವಾಡಬಾರದು. ಆಡಿದೆ.

ದೀಪಾಳ ತಾಯಿ ಶಿವಗಂಗಮ್ಮ ಶಿಕಾರಿಪುರದಿಂದ ಬಂದಿದ್ದರು. ಹಬ್ಬಕ್ಕೆಂದು ಬಂದವರು ಕಾಲು ತೊಳೆಯುವ ಮೊದಲೇ ಹಲ್ಲಿನ ವಿಷಯ ತೆಗೆದರು.

“ನೋಡ್ರಿ ಬೀಗ್ರೇ, ನಾಲ್ಕು ಮಂದಿ ಗಟ್ಟಿಯಾಗಿ ಹಿಡ್ಕೊಂಡ್ರೆ ಕ್ಷಣದ ಕೆಲ್ಸ ಐತಿ. ಕಾರ್ ತರಿಸ್ತೀನಿ. ಎತ್ತಿ ಹಾಕ್ಕೊಂಡು ನಡೀರಿ.”

“ನಾಲ್ಕು ಜನ ಹಿಡ್ದಿದ್ದಕ್ಕೇ ಈ ಗತಿ ಆಗಿರದು. ಇನ್ನೊಂದ್ಸಲ ಹಿಡೀರಿ ಅಂತೀರಲ್ಲ, ನಿಮ್ಮ ಬುದ್ಧಿಗೆ ಏನು ಹೇಳದು?”

“ನನ್ನ ಬುದ್ಧಿಗೆ ಯಾಕ ಬರ್ತೀರಿ? ಹುಡುಗಿನ ತಲೆ ಮೇಲೆ ಕೂರಿಸ್ಕೊಂಡೋರು ನೀವು. ನನ್ನ ಮಗಳು ನೋಡ್ರಿ, ಸೊರಗಿ ಕಡ್ಡಿ ಆಗ್ಯಾಳ.”

“ನನ್ನ ಅಡುಗೆಯಿಂದ ಸೊರಗಿದ್ಲು ಅನ್ನಿ.”

“ನಾನು ಅನ್ಲಿಲ್ಲ, ನೀವೇ ಅಂದ್ರಿ.”

ಮಾತಿಗೆ ಮಾತು ಬೆಳೆದು ಬೀಗಿತಿ ಚೀಲ ಹೆಗಲಿಗೇರಿಸಿ ಎದ್ದು ನಿಂತರು. “ಈ ಮನ್ಯಾಗ ನನ್ನ ಮಾತಿಗೆ ಬೆಲೆ ಇಲ್ಲ. ಹೋಗ್ತೀನಿ. ಬರ್ತೀನಿ ಅನ್ನಂಗಿಲ್ಲ, ಕೇಳಿಸ್ತೇನ್ರಿ? ಹೋಗ್ತೀನಿ.”

ದೀಪಾ ಬಾಯಿ ಮೇಲೆ ಕೈ ಇಟ್ಟುಕೊಂಡಳು. ನಾನು ಶಿವ ಶಿವ ಅಂದೆ, ಹಬ್ಬದ ದಿನ ಎಂಥ ಮಾತು. ಇನ್ನು ಚೈತ್ರ ಕಿರುಚುತ್ತಾಳೆಂದು ಎಲ್ಲರೂ ಮಂಚದ ಕಡೆ ತಿರುಗಿದೆವು. ಚೈತ್ರ ಮಂಚದ ಕೆಳಗಿಂದ ಬಂದಳು. ಉಗ್ರಾಣದೊಳಗೆ ನುಗ್ಗಿ ಮೆಕ್ಕೆಜೋಳದ ಚೀಲದಿಂದ, ಬಂದ ಕೂಡಲೇ ಬಚ್ಚಿಟ್ಟಿದ್ದ ಬೀಗಿತಿಯ ಚಪ್ಪಲಿ ತೆಗೆದಳು. ತಂದು ಹೊಸ್ತಿಲಾಚೆ ಜೊತೆ ಮಾಡಿ, ಮೂತಿ ಬೀದಿಯ ಕಡೆ ತಿರುಗಿಸಿ ಇಟ್ಟಳು. ನವೆಂಬರಿನಿಂದ ಈಚೆಗೆ ಅವಳು ಒಂದು ಚಪ್ಪಲಿಯನ್ನೂ ಬಾಗಿಲಿಗೆ ತಂದವಳಲ್ಲ.

ಬೀಗಿತಿಗೆ ಸಿಟ್ಟು ಅರ್ಧದಲ್ಲೇ ನಿಂತಿತು. “ನನ್ನ ಕಳಿಸಾಕೆ ಇಷ್ಟು ಖುಷಿ ಏನೇ ನಿಂಗೆ?” ಅಂದರು. ಅವರು ಮೆಟ್ಟಿಕೊಂಡು ಹೊರಟರು, ಚೈತ್ರ ಬಾಗಿಲಲ್ಲಿ ನಿಂತು ಶಾಂತವಾಗಿ ನೋಡಿದಳು.

ಫೆಬ್ರುವರಿ ೨೭

ರಾತ್ರಿ ಜಾಗರಣೆಯೂ ಆಯಿತು, ಯೋಚನೆಯೂ ಆಯಿತು. ಬೆಳಿಗ್ಗೆ ದೀಪಾಳನ್ನು ಕೇಳಿದೆ, “ಆಸ್ಪತ್ರೆ ಬಾಗಿಲಲ್ಲಿ ಅವಳಿಗೆ ಏನಂತ ಹೇಳಿದ್ದೆ?”

ಒಲೆಯ ಮುಂದೆಯೇ ಅವಳ ಕಣ್ಣು ತುಂಬಿತು. “ಈಗ ಬರ್ತೀನಿ ಕಂದ ಅಂದೆ ಅತ್ತೆ. ಅವ್ರು ಬಾಗಿಲು ಹಾಕಿದ್ರು. ಒಳಗೆ ಬಿಡ್ಲೇ ಇಲ್ಲ. ಬರ್ತೀನಿ ಅಂದೆ ಅಮ್ಮ, ಬರ್ತೀನಿ ಅಂದೆ ಅಂತ ಒಳಗಿಂದ ಕೂಗ್ತಾ ಇದ್ಲು.”

ಎಲ್ಲ ಇಲ್ಲೇ ಇದೆ. ನಾವು ಬರ್ತೀನಿ ಅನ್ನುತ್ತೇವೆ, ಬೆನ್ನು ತೋರಿಸುತ್ತೇವೆ. ಮಾತು ಒಂದು ಕಡೆ, ಕಾಲು ಒಂದು ಕಡೆ. ಮೊದಲು ಚೈತ್ರ ಅದನ್ನು ಹೇಗೋ ಅರ್ಥ ಮಾಡಿಕೊಂಡಿದ್ದಳು. ಆ ದಿನ ಅಮ್ಮ ಬರ್ತೀನಿ ಅಂದಳು, ಬಂದದ್ದು ಆ ನಾಲ್ಕು ಜನದ ಕೈ. ಅಂದಿನಿಂದ ಮನೆಯಲ್ಲಿ ಯಾರು ಬರ್ತೀನಿ ಅಂದರೂ ಅವಳಿಗೆ ಅದೇ ಬಾಗಿಲು. ನಾವು ದಿನಕ್ಕೆ ನಾಲ್ಕು ಬಾರಿ ಅವಳನ್ನು ಆ ಬಾಗಿಲಲ್ಲಿ ನಿಲ್ಲಿಸಿದ್ದೇವೆ. ಒಳ್ಳೆಯದಾಗಲಿ ಅಂತ. ನಿನ್ನೆ ಬೀಗಿತಿ ಹೋಗ್ತೀನಿ ಅಂದರು, ಅಂದ ಹಾಗೇ ಹೊರಟರು.

ಸುಮಾಗೆ ಫೋನು ಮಾಡಿದೆವು. “ನಾನೂ ಅದನ್ನೇ ಅಂದು ಎದ್ದೆ ಅಜ್ಜಿ, ನನಗೆ ಹೊಳೀಲೇ ಇಲ್ಲ” ಅಂದಳು. ಆಮೇಲೆ ಅಂದಳು, “ಪದ ಬದಲಾಯಿಸಿದ್ರೆ ಸಾಲದು. ಹೇಳಿದ್ದು ಹೇಳಿದ ಹಾಗೇ ನಡೀಬೇಕು. ಎಲ್ಲಿಗೆ, ಯಾವಾಗ ಮನೆಗೆ, ಎಲ್ಲ ಹೇಳಿ. ಹಿತ್ತಲಿಂದ ಮಾಯ ಆಗೋದು ನಿಲ್ಲಿಸಿ. ಅವಳು ನಂಬಕ್ಕೆ ದಿನ ಹಿಡಿಯುತ್ತೆ.”

ಮಾರ್ಚ್ ೭

ಸಿದ್ದು ಮುಂಬಾಗಿಲಿಂದ ಹೊರಡುತ್ತಾನೆ. “ಹೋಗ್ತೀನಿ ಚೈತ್ರ, ಅಂಗಡಿಗೆ. ಊಟಕ್ಕೆ ಮನೇಲಿರ್ತೀನಿ.” ಮೊದಲ ದಿನ ಅವಳು ಅತ್ತಳು, ಎರಡನೆಯ ದಿನ ಬಾಗಿಲ ತನಕ ಬಂದಳು. ಇವತ್ತು ಅವನ ಚಪ್ಪಲಿ ತಂದಿಟ್ಟಳು. ಇವರಿಗಂತೂ ಹಬ್ಬ. ಇಷ್ಟು ವರ್ಷ ನಾನು ಮುಚ್ಚಿಸಿದ ಬಾಯಿ, ಬಚ್ಚಲಿಗೆ ಹೊರಟರೂ “ಹೋಗ್ತೀನೇ” ಎಂದು ನನ್ನ ಮುಖ ನೋಡಿ ಕೂಗುತ್ತಾರೆ. ಪ್ರತಿ ಸಲ ನಾನು ಶಿವ ಶಿವ ಅನ್ನುತ್ತೇನೆ.

ಕಷ್ಟ ಬಂದದ್ದು ಹೊರಗಿನವರಿಂದ. ಪಕ್ಕದ ಮನೆಯ ರಂಗಪ್ಪ ಪೇಪರ್ ಓದಲು ಬಂದಿದ್ದ. ಎದ್ದಾಗ ನಾನು ಬಾಗಿಲಿಗೆ ಅಡ್ಡ ನಿಂತು, ಹೋಗ್ತೀನಿ ಅನ್ನು ಅಂದೆ.

“ಎಂಥ ಮಾತು ಅಕ್ಕ? ಬೆಳಬೆಳಿಗ್ಗೆ ನನ್ನ ಬಾಯಲ್ಲಿ ಅದನ್ನ ಹೇಳಿಸ್ತೀಯಲ್ಲ. ನಂಗೆ ಹೆಂಡ್ತಿ ಮಕ್ಕಳಿದಾರೆ.”

“ಹಂಗಾರೆ ಇಲ್ಲೇ ಇರು.”

ಪಾಪ, ಬಹಳ ಹೊತ್ತು ಕುಳಿತ. ಕೊನೆಗೆ ಒಂದು ಮಾತೂ ಆಡದೆ, ಬೆನ್ನು ತೋರಿಸದೆ ಹಿಂದಕ್ಕೆ ಹಿಂದಕ್ಕೆ ನಡೆದು ಹೊಸ್ತಿಲು ದಾಟಿದ. ತುಳಸಿಕಟ್ಟೆಗೆ ಬೆನ್ನು ತಾಗಿತು. ಚೈತ್ರ ನಕ್ಕಳು. ಅವಳ ನಗು ಹೇಗಿತ್ತೆಂದೇ ಮರೆತಿತ್ತು ನನಗೆ.

ನಿರ್ಮಲಮ್ಮನ ಮನೆಯಲ್ಲಿ ಅಪಶಕುನ ಹೇಳಿಸುತ್ತಾರೆ ಎಂದು ಊರಲ್ಲಿ ಸುದ್ದಿಯಾಗಿದೆ. ಆಗಲಿ.

ಮಾರ್ಚ್ ೧೮

ಎಲ್ಲರಿಗೂ ಕಲಿಸಿದ ನಾನೇ ಇನ್ನೂ ಒಮ್ಮೆಯೂ ಅಂದಿಲ್ಲ. ಬಾಯಿಗೆ ಬರುವುದೇ ಇಲ್ಲ. ಗಂಟಲಲ್ಲಿ ನಮ್ಮಜ್ಜಿ ಕುಳಿತಿದ್ದಾಳೆ.

ಇವತ್ತು ಸಂತೆಗೆ ಹೊರಡಬೇಕಿತ್ತು. ಸದ್ದಿಲ್ಲದೆ ಹಿತ್ತಲಿಂದ ದಾಟಿದೆ. ಬಂದು ನೋಡಿದರೆ ಚೈತ್ರ ಹಿತ್ತಲ ಬಾಗಿಲಲ್ಲಿ ನನ್ನ ಹಳೆಯ ಚಪ್ಪಲಿ ತಬ್ಬಿಕೊಂಡು ಕುಳಿತಿದ್ದಾಳೆ, ಮುಂಗೈ ಮೇಲೆ ಹಲ್ಲಿನ ಗುರುತು. “ಅಜ್ಜಿ ಇಲ್ಲ. ಅಜ್ಜಿ ಇಲ್ಲ” ಅನ್ನುತ್ತಿದ್ದಳು, ನಾನು ಎದುರಿಗೇ ನಿಂತಿದ್ದರೂ. ತಂದ ಸೊಪ್ಪನ್ನು ದನಕ್ಕೆ ಹಾಕಿದೆ. ಊಟ ಸೇರಲಿಲ್ಲ.

ಮಾರ್ಚ್ ೨೪, ಸೋಮವಾರ

ಅಂದೆ.

ತೊಗರ್ಸಿಯ ಮಲ್ಲಿಕಾರ್ಜುನನಿಗೆ ಹಣ್ಣುಕಾಯಿ ಮಾಡಿಸುವುದಿತ್ತು. ಚೈತ್ರಳ ಮುಂದೆ ನಿಂತೆ. ಕಣ್ಣು ಮುಚ್ಚಿಕೊಂಡು, ತಪ್ಪಾದರೆ ನನ್ನ ತಲೆಗೆ ಬರಲಿ ಶಿವನೇ ಎಂದು ಮನಸ್ಸಿನಲ್ಲಿ ಹೇಳಿಕೊಂಡು, “ಹೋಗ್ತೀನಿ ಪುಟ್ಟ. ಹಾಲು ಕರೆಯೋ ಹೊತ್ತಿಗೆ ಮನೇಲಿರ್ತೀನಿ” ಅಂದೆ. ಕಣ್ಣು ಬಿಟ್ಟಾಗ ಚಪ್ಪಲಿ ಬಾಗಿಲಲ್ಲಿತ್ತು, ಮೂತಿ ಹೊರಗೆ. “ಹಾಲು ಕರೆಯೋ ಹೊತ್ತಿಗೆ” ಎಂದು ಅವಳು ನನಗೇ ವಾಪಸ್ಸು ಹೇಳಿದಳು.

ಪೂಜೆ ಚೆನ್ನಾಗಿ ಆಯಿತು. ವಾಪಸ್ಸು ಬರುವ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ಬೇರೆ ಬಸ್ಸು ಬರುತ್ತದೆ ಅಂದರು, ಬರಲಿಲ್ಲ. ಬಿಸಿಲು ಇಳಿಯುತ್ತಿತ್ತು. ಇವತ್ತು ಮಾತು ತಪ್ಪಿದರೆ ಆ ಪದವೂ ಸುಳ್ಳಾಗುತ್ತದೆ. ಕುರಿ ಸಾಕುವ ಗುತ್ಯಪ್ಪ ಬೈಕಿನಲ್ಲಿ ಬರುತ್ತಿದ್ದ. ರಸ್ತೆ ಮಧ್ಯೆ ನಿಂತು ಅಡ್ಡ ಹಾಕಿದೆ.

“ಕೂರ್‍ಸಕ್ಕೆ ಜಾಗ ಇಲ್ಲ ಕಣಮ್ಮ. ಮರಿ ಐತೆ.”

“ಮರಿನ ನಾ ಎತ್ಕಂತೀನಿ. ನೀನು ಗಾಡಿ ಬಿಡು.”

ಈ ವಯಸ್ಸಿನಲ್ಲಿ, ರೇಷ್ಮೆ ಸೀರೆಯಲ್ಲಿ, ಮಡಿಲಲ್ಲಿ ಕುರಿಮರಿ ಇಟ್ಟುಕೊಂಡು ಆನವಟ್ಟಿಯ ಮುಖ್ಯರಸ್ತೆಯಲ್ಲೇ ಬಂದೆ. ಅಂಗಡಿಯವರೆಲ್ಲ ಹೊರಗೆ ಬಂದು ನೋಡಿದರು. ಮರಿ ಸೀರೆಯ ಮೇಲೆ ಮಾಡಬಾರದ್ದು ಮಾಡಿತು. ದೀಪಾ ತಂಬಿಗೆ ಹಿಡಿದು ಕೊಟ್ಟಿಗೆಗೆ ಇಳಿಯುತ್ತಿದ್ದಳು, ಚೈತ್ರ ಮೆಟ್ಟಿಲ ಮೇಲಿದ್ದಳು.

“ಬಂದೆ” ಅಂದೆ.

ಅವಳು ಕರುವನ್ನು ನೋಡಿದಳು, ತಂಬಿಗೆಯನ್ನು ನೋಡಿದಳು, ನನ್ನನ್ನು ನೋಡಿದಳು. “ಬಂದೆ” ಅಂದಳು. ನನ್ನ ಕೈಯಿಂದ ಮರಿ ತೆಗೆದುಕೊಂಡಳು. ಗುತ್ಯಪ್ಪನಿಗೆ ಅದನ್ನು ವಾಪಸ್ಸು ಪಡೆಯಲು ಎರಡು ಲೋಟ ಕಾಫಿ ಕುಡಿಯಬೇಕಾಯಿತು.

ಏಪ್ರಿಲ್ ೯

ಬಾವು ಮತ್ತೆ ಕಾಣಿಸಿದೆ. ಇನ್ನು ತಡ ಮಾಡುವಂತಿಲ್ಲ. ಬೀಗಿತಿಯೇ ಫೋನು ಮಾಡಿದರು. ಸಿಟ್ಟಿನಲ್ಲಿ ಅಂದ ಮಾತು ಇಷ್ಟು ಉಪಯೋಗಕ್ಕೆ ಬಂತೆಂದು ಕೇಳಿದ ಮೇಲೆ ಅವರ ಗತ್ತೇ ಬೇರೆ. ತಾವೇ ಹಲ್ಲಿನ ಡಾಕ್ಟರು ಪ್ರಮೀಳಾ ಅವರ ಮುಂದೆ ಕುಳಿತು “ಯಾರೂ ಹಿಡಿಯಂಗಿಲ್ರಿ, ಸುಳ್ಳು ಹೇಳಂಗಿಲ್ರಿ” ಎಂದು ಕರಾರು ಮಾಡಿಸಿಕೊಂಡು ಬಂದಿದ್ದಾರೆ. ನಾಲ್ಕು ಮಂದಿ ಹಿಡೀರಿ ಅಂದ ಬಾಯಿಯೇ ಇದು. ನಾನು ನೆನಪಿಸಲಿಲ್ಲ. ನಾಲಿಗೆ ತುದಿಗೆ ಬಂದಿತ್ತು.

ನಿನ್ನೆ ಸುಮ್ಮನೆ ಕುರ್ಚಿ ನೋಡಲು ಹೋದೆವು. ಚೈತ್ರ ಬಾಗಿಲ ತನಕ ಬಂದಳು, ಒಳಗೆ ಕಾಲಿಡಲಿಲ್ಲ. ಡಾಕ್ಟರು ಕುರ್ಚಿಯನ್ನು ಮೇಲೆ ಕೆಳಗೆ ಮಾಡಿ ತೋರಿಸಿದರು. ಇನ್ನೊಂದು ದಿನ ಬಾ ಅಂದರು.

ನೋವಾಗಲ್ಲ ಎಂದು ಹೇಳಬಾರದೆಂದು ಸುಮಾ ಹೇಳಿದ್ದಾಳೆ. ಹಾಗಾದರೆ ಎಷ್ಟು ನೋವು ಎಂದು ಹೇಗೆ ಹೇಳುವುದು? ನನ್ನ ತೋಳು ಚಿವುಟಿಕೊಂಡು “ಸೂಜಿ ಇಷ್ಟು ಚುಚ್ಚುತ್ತೆ” ಅಂದೆ. ಚೈತ್ರ ತನ್ನ ತೋಳು ಚಿವುಟಿ ನೋಡಿಕೊಂಡಳು, ಆಮೇಲೆ ಅಳತೆ ಸರಿಯಿದೆಯೇ ಎಂದು ಮನೆಯವರನ್ನೆಲ್ಲ ಚಿವುಟಿದಳು. ಪೇಪರ್ ಓದಲು ಬಂದ ರಂಗಪ್ಪನಿಗೂ ತಪ್ಪಲಿಲ್ಲ.

ಏಪ್ರಿಲ್ ೧೯, ಶನಿವಾರ

ಇದನ್ನು ಇವತ್ತೇ ಬರೆಯಬೇಕು.

ಬೆಳಿಗ್ಗೆಯೇ ಶಿಕಾರಿಪುರಕ್ಕೆ ಹೋದೆವು, ಚೈತ್ರ, ದೀಪಾ, ನಾನು. ಬೀಗಿತಿ ಅಲ್ಲೇ ಕಾದಿದ್ದರು. ಒಳಗಿನ ಕೋಣೆಯ ಬಾಗಿಲಲ್ಲಿ ಚೈತ್ರ ನಿಂತುಬಿಟ್ಟಳು. ಮೈಯೆಲ್ಲ ಬಿಗಿ, ಕಚ್ಚಿಕೊಳ್ಳಲು ಕೈ ಬಾಯಿಯ ಕಡೆ ಹೊರಟಿತ್ತು. ನರ್ಸೊಬ್ಬಳು ಎಂದಿನ ರೂಢಿಯಲ್ಲಿ ತೋಳು ಹಿಡಿಯಲು ಬಂದಳು, ಬೀಗಿತಿ ಅವಳ ಎದುರು ಅಡ್ಡ ನಿಂತರು. ಆ ಹೆಂಗಸಿನ ಅಗಲ ನೋಡಿ ನನಗೆ ಮೊದಲ ಸಲ ಸಂತೋಷವಾಯಿತು.

ದೀಪಾ ಜೊತೆಗೆ ಬರಲು ಎದ್ದಳು. “ಅಮ್ಮ ಅಳ್ತಾಳೆ. ಹೊರಗೆ” ಅಂದಳು ಚೈತ್ರ. ನಾನು ಎದ್ದೆ. “ಅಜ್ಜಿ ಬಳೆ ಸದ್ದು. ಹೊರಗೆ.”

ಇಬ್ಬರೂ ಕುಳಿತೆವು. ಅವಳು ಚಪ್ಪಲಿ ಬಿಚ್ಚಿದಳು. ಜೊತೆ ಮಾಡಿ ಬಾಗಿಲಲ್ಲಿಟ್ಟಳು, ಮೂತಿ ಹೊರಗೆ. ನಮ್ಮ ಕಡೆ ತಿರುಗಿದಳು. “ನಾನು ಒಳಗೆ ಹೋಗ್ತೀನಿ” ಅಂದಳು. ಒಂದು ಹೆಜ್ಜೆ ಇಟ್ಟು ಮತ್ತೆ ನಿಂತಳು. ಆಮೇಲೆ, ನವೆಂಬರಿನಿಂದ ನಮ್ಮ ಮನೆಯನ್ನೇ ನಡುಗಿಸಿದ್ದ ಆ ಪದವನ್ನು ತಾನೇ ಅಂದಳು. “ಬರ್ತೀನಿ.”

ಬಾಗಿಲು ತೆರೆದೇ ಇತ್ತು. ಯಾರೂ ಹಿಡಿಯಲಿಲ್ಲ. ಡಾಕ್ಟರು “ಈಗ ಚುಚ್ಚುತ್ತೆ” ಅಂದದ್ದು ಕೇಳಿಸಿತು. ಒಮ್ಮೆ ಚೈತ್ರ ಜೋರಾಗಿ ಕೂಗಿದಳು, ದೀಪಾ ನನ್ನ ಕೈ ಹಿಸುಕಿದಳು, ನಾನು ಬೀಗಿತಿಯ ಕೈ ಹಿಸುಕಿದೆ. “ಅಜ್ಜಿ ಚಿವುಟಿದ್ದಕ್ಕಿಂತ ಜಾಸ್ತಿ” ಎಂದು ಒಳಗಿಂದ ದೂರು ಬಂತು. ಆಮೇಲೆ ಸಾಮಾನಿನ ಸದ್ದು ಮಾತ್ರ. ನಾನು ಬಳೆಗಳನ್ನು ಒಂದು ಕೈಯಿಂದ ಅದುಮಿ ಹಿಡಿದುಕೊಂಡು, ಆ ಎರಡು ಚಪ್ಪಲಿಗಳನ್ನೇ ನೋಡುತ್ತ ಕುಳಿತಿದ್ದೆ.

ಆ ಚಪ್ಪಲಿಗಳೊಳಗೆ ಎರಡು ಪಾದ ಬಂದವು. ತಲೆಯೆತ್ತಿದೆ. ಕಣ್ಣು ಕೆಂಪು, ತುಟಿ ಮರಗಟ್ಟಿ ಸೊಟ್ಟ, ಬಾಯಿ ತುಂಬ ಹತ್ತಿ. ಮುಷ್ಟಿಯಲ್ಲಿ ಹಲ್ಲು. ಹತ್ತಿಯ ಸಂದಿಯಿಂದ ಏನೋ ಅಂದಳು, ನನಗೆ “ಮಂದೆ” ಎಂದು ಕೇಳಿಸಿತು. ಅರ್ಥವಾಗಲಿಲ್ಲ ಎಂದು ಅವಳಿಗೆ ತಿಳಿಯಿತು. ಹತ್ತಿ ತೆಗೆದು ಕೈಯಲ್ಲಿ ಹಿಡಿದು, ಒಳಗಿರುವವರಿಗೂ ಬೀದಿಯವರಿಗೂ ಕೇಳುವಂತೆ ಹೇಳಿದಳು.

“ಬಂದೆ.”

ನಾವು ಮೂವರೂ ಅತ್ತೆವು, ನರ್ಸೂ ಅತ್ತಳು. ಚೈತ್ರ ಒಬ್ಬಳೇ ಅಳಲಿಲ್ಲ. ಬಸ್ಸು ಹತ್ತುವಾಗ ಬೀಗಿತಿ “ಹೋಗ್ರಿ ಇನ್ನ” ಅಂದರು. “ಹೋಗ್ತೀವ್ರಿ” ಅಂದೆ ನಾನು, ಇಡೀ ಬಸ್ ನಿಲ್ದಾಣ ತಿರುಗಿ ನೋಡುವಷ್ಟು ಜೋರಾಗಿ.

ಜೂನ್ ೨, ಸೋಮವಾರ

ಹಿಟ್ಟು ನಾದುತ್ತಿದ್ದೆ. ಹೆಚ್ಚು ಬರೆಯಲು ಹೊತ್ತಿಲ್ಲ, ರಾತ್ರಿ ರಂಗಪ್ಪನ ಮನೆಯಲ್ಲಿ ನಾಮಕರಣದ ಊಟ ಬೇರೆ ಇದೆ.

ಇವತ್ತು ಶಾಲೆ ಶುರು. ಬೆಳಿಗ್ಗೆ ಚೈತ್ರ ಎಲ್ಲರ ಚಪ್ಪಲಿ ಸಾಲಾಗಿ ಜೋಡಿಸಿ, ತನ್ನದನ್ನು ಮೆಟ್ಟಿಕೊಂಡು, ಶಾಲೆಗೆ ಹೋದಳು.

ಸಂಜೆ ಬಂದಳು.